ಶಾಲೆ ಬಿಟ್ಟ ಮೇಲಿನ ಪಾಠಶಾಲೆ: ಡಾ. ನಾ. ಸು. ಹರ್ಡೀಕರರ ಬದುಕು



ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಮಗಳು ಒಂಬತ್ತನೆಯ ತರಗತಿಗೆ ಬಂದಳು, ಇನ್ನು ಗೈಡ್ಸ್ ಸಾಕು. ಮಗ ಹತ್ತನೆಯ ತರಗತಿ, ಇನ್ನು ಕಬಡ್ಡಿ, ನಾಟಕ, ಸೇವಾದಳ ಎಲ್ಲವೂ ಬಂದ್. ಸಂಜೆ ಶಾಲೆಯ ಗಂಟೆ ಹೊಡೆದ ಕೂಡಲೇ ಟ್ಯೂಷನ್, ಟ್ಯೂಷನ್ ಮುಗಿದ ಕೂಡಲೇ ಮನೆಪಾಠ. ಇದರ ನಡುವೆ ಸಂಘ, ಶಿಬಿರ, ಕವಾಯತು ಎಂದರೆ ತಂದೆತಾಯಿಯರ ಹುಬ್ಬು ಗಂಟಿಕ್ಕುತ್ತದೆ. ಅದರಿಂದ ಎಷ್ಟು ಅಂಕ ಬರುತ್ತದೆ ಎಂಬುದೇ ಮೊದಲ ಪ್ರಶ್ನೆ.

ಹೀಗೆ ಕೇಳುವ ತಂದೆತಾಯಿಯರನ್ನು ಗದರಿಸುವುದು ನ್ಯಾಯವಲ್ಲ. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡ ತಂದೆಗೆ, ಬಾದಾಮಿ ಹುನಗುಂದದ ಹಳ್ಳಿಗಳಿಂದ ಕೂಲಿ ಅರಸಿ ಗೋವೆಗೆ ಹೋಗಿಬರುವ ತಾಯಿಗೆ, ಮಕ್ಕಳ ಎಸ್.ಎಸ್.ಎಲ್.ಸಿ. ಫಲಿತಾಂಶ ಬಡತನದಿಂದ ಹೊರಬರುವ ಒಂದೇ ಬಾಗಿಲಾಗಿ ಕಾಣುತ್ತದೆ. ಆ ಬಾಗಿಲಿಗೆ ಅಡ್ಡ ಬರುವುದೆಲ್ಲ ಆಟ, ಕಾಲಹರಣ ಎನಿಸಿದರೆ ಆಶ್ಚರ್ಯವಿಲ್ಲ.

ಆದರೂ ನಿಮ್ಮ ಮಗುವಿನ ಹೆಸರನ್ನು ಆ ಪಟ್ಟಿಯಿಂದ ತೆಗೆಸುವ ಮುನ್ನ ಒಬ್ಬರ ಬದುಕನ್ನು ಸ್ವಲ್ಪ ನೋಡಿರಿ ಎಂಬುದು ನನ್ನ ವಿನಂತಿ. ಆಗಸ್ಟ್ 15ರಂದು ನಮ್ಮ ಶಾಲೆಗಳ ಮೈದಾನದಲ್ಲಿ ಬಿಳಿ ಟೋಪಿ ಧರಿಸಿ ಧ್ವಜಕ್ಕೆ ವಂದನೆ ಸಲ್ಲಿಸುವ ಸೇವಾದಳದ ಮಕ್ಕಳನ್ನು ನೀವು ಕಂಡಿದ್ದೀರಿ. ಆ ದಳವನ್ನು ಕಟ್ಟಿದವರು ಧಾರವಾಡದಲ್ಲಿ ಹುಟ್ಟಿದ ಒಬ್ಬ ವೈದ್ಯರು, ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ. ಆ ದಳದ ವ್ಯಾಯಾಮ ತರಬೇತಿ ಶಾಲೆ ಇದ್ದದ್ದು ಬೇರೆಲ್ಲೂ ಅಲ್ಲ, ನಮ್ಮ ಬಾಗಲಕೋಟೆಯಲ್ಲಿ. ಇಷ್ಟು ಹತ್ತಿರದ ಸಂಗತಿ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಬಾಲಕರ ಸಭೆಯಿಂದ ಆರಂಭ

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು. ಧಾರವಾಡ, ಹುಬ್ಬಳ್ಳಿ, ವಿಜಾಪುರ, ಬಾಗಲಕೋಟೆಗಳೆಲ್ಲ ಆಗ ಮುಂಬಯಿ ಆಧಿಪತ್ಯದಲ್ಲಿದ್ದವು. ಅವರು ಹದಿಹರೆಯಕ್ಕೆ ಬಂದಾಗ ದೇಶದಲ್ಲಿ ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿತ್ತು. ಆ ಗಾಳಿ ಶಾಲೆಯ ಗೋಡೆಯೊಳಗೆ ಬರಲು ಅನುಮತಿ ಇರಲಿಲ್ಲ. ಹುಡುಗರು ಅದನ್ನು ಶಾಲೆಯ ಹೊರಗೆ ಹುಡುಕಿಕೊಳ್ಳಬೇಕಾಯಿತು. ವಿದ್ಯಾರ್ಥಿಯಾಗಿದ್ದಾಗಲೇ ಹರ್ಡೀಕರರು ತಮ್ಮ ಓರಗೆಯವರನ್ನು ಕೂಡಿಸಿ ಆರ್ಯ ಬಾಲ ಸಭೆ ಎಂಬ ಸಂಘವನ್ನು ಕಟ್ಟಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ದೊಡ್ಡವರ ಚರಿತ್ರೆಯನ್ನು ಓದುವಾಗ ಬಾಲ್ಯವನ್ನು ಎರಡು ಸಾಲಿನಲ್ಲಿ ದಾಟಿಬಿಡುತ್ತೇವೆ. ಆದರೆ ಮುಂದೆ ಇಡೀ ದೇಶಕ್ಕೆ ಸ್ವಯಂಸೇವಕರನ್ನು ತರಬೇತುಗೊಳಿಸಿದ ಮನುಷ್ಯ ಆ ವಿದ್ಯೆಯನ್ನು ಯಾವ ಕಾಲೇಜಿನಲ್ಲಿಯೂ ಓದಿ ಕಲಿಯಲಿಲ್ಲ. ಹತ್ತು ಹುಡುಗರನ್ನು ಹೇಗೆ ಒಂದೆಡೆ ಸೇರಿಸುವುದು, ಮುನಿಸಿಕೊಂಡವನನ್ನು ಹೇಗೆ ಮರಳಿ ಕರೆತರುವುದು, ಸಭೆಯಲ್ಲಿ ಹೇಗೆ ಮಾತನಾಡುವುದು, ಹೇಳಿದ ಹೊತ್ತಿಗೆ ಹೇಗೆ ಹಾಜರಾಗುವುದು, ಕೂಡಿಸಿದ ನಾಲ್ಕಾಣೆಯ ಲೆಕ್ಕವನ್ನು ಹೇಗೆ ಒಪ್ಪಿಸುವುದು, ಇವು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಇವನ್ನು ಬಾಲಕರ ಸಂಘವೊಂದರಲ್ಲಿ ಬಿದ್ದು ಎದ್ದು ಕಲಿಯಬೇಕು.

ಅದರಿಂದ ಅವರ ಓದು ಕೆಟ್ಟಿತೇ? ಕೆಡಲಿಲ್ಲ. ಅವರು ಕಲ್ಕತ್ತೆಗೆ ಹೋಗಿ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಕಲಿತು ವೈದ್ಯರಾದರು. 1913ರಲ್ಲಿ ಅಮೆರಿಕೆಗೆ ಹೋಗಿ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಾಸ ಮಾಡಿ ಎಂ.ಎಸ್ಸಿ. ಪದವಿ ಪಡೆದರು. ಒಬ್ಬ ರೋಗಿಯ ನಾಡಿ ಹಿಡಿಯುವುದು ವೈದ್ಯನ ಕೆಲಸವಾದರೆ, ಇಡೀ ಊರಿನ ನೀರು, ಚರಂಡಿ, ಗಾಳಿ, ಆಹಾರಗಳನ್ನು ನೋಡುವುದು ಸಾರ್ವಜನಿಕ ಆರೋಗ್ಯದ ಕೆಲಸ. ಈ ಎರಡನೆಯ ದೃಷ್ಟಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ ಎಂಬುದನ್ನು ಮುಂದೆ ಕಾಣುವಿರಿ.

ಕಡಲಾಚೆಯ ಎಂಟು ವರ್ಷ

ಅಮೆರಿಕೆಯಲ್ಲಿಯೂ ಅವರು ಬರೀ ಪುಸ್ತಕದ ಹುಳುವಾಗಿ ಕುಳಿತುಕೊಳ್ಳಲಿಲ್ಲ. ಅಲ್ಲಿನ ಭಾರತೀಯ ವಿದ್ಯಾರ್ಥಿಗಳ ಹಿಂದೂಸ್ಥಾನ ಸಂಘದಲ್ಲಿ ದುಡಿದು ಅದರ ಅಧ್ಯಕ್ಷರಾದರು. ಪಂಜಾಬಿನ ನಾಯಕ ಲಾಲಾ ಲಜಪತರಾಯರು ಆಗ ನ್ಯೂಯಾರ್ಕಿನಲ್ಲಿದ್ದರು. 1917ರಲ್ಲಿ ಅವರು ಅಲ್ಲಿ ಭಾರತದ ಹೋಂ ರೂಲ್ ಲೀಗನ್ನು ಸ್ಥಾಪಿಸಿದಾಗ ಹರ್ಡೀಕರರು ಅವರ ಬಲಗೈಯಾದರು. ಲೀಗಿನ ಮಾಸಪತ್ರಿಕೆ ಯಂಗ್ ಇಂಡಿಯಾದ ಕೆಲಸ, ಊರಿಂದೂರಿಗೆ ಹೋಗಿ ಭಾರತದ ಪರವಾಗಿ ಉಪನ್ಯಾಸ ನೀಡುವ ಕೆಲಸ, ಎರಡನ್ನೂ ಹೊತ್ತರು. ಹೊರನಾಡಿನಲ್ಲಿ ಹಣವಿಲ್ಲದೆ, ಅಧಿಕಾರವಿಲ್ಲದೆ, ಕೇವಲ ಒಗ್ಗಟ್ಟಿನಿಂದ ಒಂದು ಸಂಸ್ಥೆಯನ್ನು ನಡೆಸುವುದು ಹೇಗೆಂಬುದರ ಪಾಠ ಅಲ್ಲಿ ನಡೆಯಿತು.

ಅದೇ ಕಾಲದಲ್ಲಿ ಪಶ್ಚಿಮದ ದೇಶಗಳಲ್ಲಿ ಶಾಲಾ ಮಕ್ಕಳ ಸಂಘಗಳು ಬೆಳೆಯುತ್ತಿದ್ದವು. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಇಪ್ಪತ್ತು ಹುಡುಗರನ್ನು ಕರೆದುಕೊಂಡು ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಹುಟ್ಟಿತು. ಅದಕ್ಕೂ ಬಹಳ ಹಿಂದೆ, 1841ರಲ್ಲಿ, ಇಟಲಿಯ ತೂರಿನ್ ನಗರದಲ್ಲಿ ನಮ್ಮ ಸಂತ ಜಾನ್ ಬೋಸ್ಕೊ ಬೀದಿಯ ಹುಡುಗರನ್ನು, ಕಟ್ಟಡ ಕೆಲಸದ ಹುಡುಗರನ್ನು ಆಟ, ಹಾಡು, ಸಂಗೀತಗಳ ಮೂಲಕ ಒಟ್ಟುಗೂಡಿಸಲು ಆರಂಭಿಸಿದ್ದರು. ಆದರೆ ಭಾರತದಲ್ಲಿ ಕಥೆ ಬೇರೆಯಾಗಿತ್ತು. 1909ರಲ್ಲಿ ಇಲ್ಲಿ ಸ್ಕೌಟ್ ದಳಗಳು ಆರಂಭವಾದಾಗ ಅವು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಮೀಸಲಾಗಿದ್ದವು. ಭಾರತೀಯ ಬಾಲಕರಿಗೆ ಬಾಗಿಲು ಮುಚ್ಚಿತ್ತು. ಶಿಸ್ತು, ನಾಯಕತ್ವ, ಸೇವೆ ಎಂಬ ಗುಣಗಳು ಆಳುವವರ ಮಕ್ಕಳಿಗೆ, ವಿಧೇಯತೆ ಮಾತ್ರ ಆಳಿಸಿಕೊಳ್ಳುವವರ ಮಕ್ಕಳಿಗೆ ಎಂಬಂತಿತ್ತು ಆಗಿನ ವ್ಯವಸ್ಥೆ. ಮುಂದೆ ಆನಿ ಬೆಸೆಂಟ್ ಮೊದಲಾದವರು ಭಾರತೀಯ ಮಕ್ಕಳಿಗಾಗಿಯೇ ಸ್ಕೌಟ್ ಸಂಘಗಳನ್ನು ಕಟ್ಟಿದರು.

1921ರಲ್ಲಿ ಹರ್ಡೀಕರರು ತಾಯ್ನಾಡಿಗೆ ಮರಳಿದರು. ಅಮೆರಿಕೆಯಲ್ಲಿ ಓದಿದ ವೈದ್ಯರು ಮನಸ್ಸು ಮಾಡಿದ್ದರೆ ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಆಸ್ಪತ್ರೆ ತೆರೆದು ಕೈತುಂಬ ಸಂಪಾದಿಸಬಹುದಿತ್ತು. ಅವರು ಹುಬ್ಬಳ್ಳಿಗೆ ಬಂದು ಯುವಕರನ್ನು ಕೂಡಿಸಿ ಸೇವಾ ಮಂಡಲವನ್ನು ಕಟ್ಟಿದರು.

ಸೀಟಿ ಊದುವವರಿಲ್ಲದ ಕಡೆ

ಆ ಮಂಡಲದ ನಿಜವಾದ ಪರೀಕ್ಷೆ ನಡೆದದ್ದು ದೂರದ ನಾಗಪುರದಲ್ಲಿ. 1923ರಲ್ಲಿ ಅಲ್ಲಿ ಧ್ವಜವನ್ನು ಹಿಡಿದು ಸಾಗುವುದನ್ನು ಸರಕಾರ ತಡೆಯಿತು. ಅದನ್ನು ವಿರೋಧಿಸಿ ಮೇ ತಿಂಗಳಿನಿಂದ ಆಗಸ್ಟಿನವರೆಗೆ ಧ್ವಜ ಸತ್ಯಾಗ್ರಹ ನಡೆಯಿತು. ದೇಶದ ನಾನಾ ಭಾಗಗಳಿಂದ ಸ್ವಯಂಸೇವಕರು ಹೋಗಿ ಸೆರೆಮನೆ ಸೇರಿದರು. ಆದರೆ ಸೆರೆಮನೆಯ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಗೆ ಬಂದರು. ಹುಬ್ಬಳ್ಳಿಯ ಸೇವಾ ಮಂಡಲದವರು ಮಾತ್ರ ಬರೆದುಕೊಡಲಿಲ್ಲ. ಈ ಸುದ್ದಿ ದೇಶದ ನಾಯಕರ ಗಮನವನ್ನು ಸೆಳೆಯಿತು.

ಓದುಗರೇ, ಈ ಘಟನೆಯ ಅರ್ಥವನ್ನು ಆಳವಾಗಿ ನೋಡಬೇಕು. ಮೈದಾನದಲ್ಲಿ ಸಾಲಾಗಿ ನಿಲ್ಲುವುದು ಕಷ್ಟವಲ್ಲ. ಅಲ್ಲಿ ಮುಂದೆ ನಿಂತು ಸೀಟಿ ಊದುವ ನಾಯಕನಿರುತ್ತಾನೆ, ಅಕ್ಕಪಕ್ಕದಲ್ಲಿ ಗೆಳೆಯರಿರುತ್ತಾರೆ, ನೋಡುವ ಜನರಿರುತ್ತಾರೆ. ಸೆರೆಮನೆಯ ಕೋಣೆಯಲ್ಲಿ ಇವರಾರೂ ಇಲ್ಲ. ಅಲ್ಲಿರುವುದು ಒಂದು ಕಾಗದ, ಒಂದು ಸಹಿ, ಮತ್ತು ಆ ಯುವಕನ ಮನಸ್ಸಾಕ್ಷಿ. ಆಗ ಅವನನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಆಜ್ಞೆಯಲ್ಲ, ಒಳಗೆ ಬೇರೂರಿದ ಅಭ್ಯಾಸ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್, ಅವನನ್ನು ಅನುಸರಿಸಿ ನಮ್ಮ ಸಂತ ತೋಮಸ್ ಅಕ್ವಿನಾಸ್, ಸದ್ಗುಣವೆಂಬುದು ಮತ್ತೆ ಮತ್ತೆ ಮಾಡುವುದರಿಂದ ಬರುವ ಅಭ್ಯಾಸಬಲವೆಂದು ಕಲಿಸಿದರು. ಧೈರ್ಯದ ಬಗ್ಗೆ ಪ್ರಬಂಧ ಬರೆದು ಹತ್ತಕ್ಕೆ ಹತ್ತು ಅಂಕ ಪಡೆದವನು ಧೀರನಾಗುವುದಿಲ್ಲ. ಚಿಕ್ಕ ಚಿಕ್ಕ ಧೈರ್ಯದ ಕೆಲಸಗಳನ್ನು ಮಾಡುತ್ತ ಮಾಡುತ್ತ ಧೀರನಾಗುತ್ತಾನೆ. ಸೇವೆಯೂ ಹಾಗೆಯೇ, ಸತ್ಯವೂ ಹಾಗೆಯೇ. ಹಾಗಾದರೆ ಈ ಅಭ್ಯಾಸಕ್ಕೆ ಅವಕಾಶ ಎಲ್ಲಿದೆ? ತರಗತಿಯಲ್ಲಿ ಮಗು ಕೇಳುತ್ತದೆ, ಬರೆಯುತ್ತದೆ, ಒಪ್ಪಿಸುತ್ತದೆ. ಇನ್ನೊಬ್ಬರೊಡನೆ ಸೇರಿ ಒಂದು ಕೆಲಸವನ್ನು ಮಾಡಿ ಮುಗಿಸುವ ಅವಕಾಶ ಅದಕ್ಕೆ ಸಿಗುವುದು ಹೆಚ್ಚಾಗಿ ತರಗತಿಯ ಹೊರಗೆ. ಹರ್ಡೀಕರರು ಕಂಡುಕೊಂಡ ಸತ್ಯ ಇದು.

ಬಾಗಲಕೋಟೆಗೆ ಬಂದ ತರಬೇತಿ ಶಾಲೆ

1923ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಹುಬ್ಬಳ್ಳಿಯ ಮಾದರಿಯಲ್ಲಿಯೇ ಇಡೀ ದೇಶಕ್ಕೆ ಒಂದು ಸ್ವಯಂಸೇವಕ ಸಂಸ್ಥೆ ಬೇಕೆಂದು ಅಲ್ಲಿ ನಿರ್ಧಾರವಾಯಿತು. ಹೀಗೆ ಹುಟ್ಟಿದ್ದು ಹಿಂದೂಸ್ತಾನಿ ಸೇವಾದಳ. ಜವಾಹರಲಾಲ ನೆಹರೂ ಅದರ ಮೊದಲ ಅಧ್ಯಕ್ಷರಾದರು, ಹರ್ಡೀಕರರು ಅದರ ಜೀವಾಳವಾದರು. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ಅಲ್ಲಿಂದಲೇ ವಾಲಂಟಿಯರ್ ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ಹೊರಡಿಸಿದರು.

ಈ ದಳ ಹುಟ್ಟುವಾಗ ವಿರೋಧವೂ ಬಂತು, ಅದೂ ಹೊರಗಿನಿಂದಲ್ಲ, ಕಾಂಗ್ರೆಸ್ಸಿನ ಹಿರಿಯರಿಂದಲೇ. ಯುವಕರಿಗೆ ಕವಾಯತು ಕಲಿಸುವುದೆಂದರೆ ಸೈನ್ಯದ ರೀತಿಯನ್ನು ಒಳಗೆ ತಂದಂತೆ, ಅದು ಅಹಿಂಸೆಗೆ ಹೊಂದುವುದಿಲ್ಲ ಎಂದು ಕೆಲವರು ಅಂಜಿದರು. ಸಮವಸ್ತ್ರ ತೊಟ್ಟವರು ನಾಳೆ ಯಾರ ಮಾತನ್ನೂ ಕೇಳದೆ ಹೋದರೆ ಎಂದು ಇನ್ನು ಕೆಲವರು ಶಂಕಿಸಿದರು. ಈ ಅಂಜಿಕೆಯನ್ನು ನಾವು ಹಗುರಾಗಿ ತಳ್ಳಿಹಾಕಬಾರದು. ಮುಂದಿನ ದಶಕದಲ್ಲಿಯೇ ಇಟಲಿ ಮತ್ತು ಜರ್ಮನಿಯ ಸರ್ವಾಧಿಕಾರಿಗಳು ಶಾಲಾ ಮಕ್ಕಳಿಗೆ ಸಮವಸ್ತ್ರ ತೊಡಿಸಿ, ಹಾಡು ಕಲಿಸಿ, ಸಾಲಾಗಿ ನಡೆಸಿ, ಕೊನೆಗೆ ಯುದ್ಧದ ಬೆಂಕಿಗೆ ತಳ್ಳಿದರು. ಶಿಸ್ತು ಎಂಬುದು ಕತ್ತಿಯ ಹಾಗೆ. ವೈದ್ಯನ ಕೈಯಲ್ಲಿ ಗಾಯ ವಾಸಿಮಾಡುತ್ತದೆ, ಕೊಲೆಗಾರನ ಕೈಯಲ್ಲಿ ಕೊಲ್ಲುತ್ತದೆ. ಆದ್ದರಿಂದ ಮಕ್ಕಳ ಯಾವುದೇ ಸಂಘವನ್ನು ಕಂಡಾಗ ಅವರು ಎಷ್ಟು ಚೆನ್ನಾಗಿ ಹೆಜ್ಜೆ ಹಾಕುತ್ತಾರೆ ಎಂದು ಮಾತ್ರ ನೋಡಬಾರದು. ಆ ಹೆಜ್ಜೆ ಯಾರ ಕಡೆಗೆ ಹೋಗುತ್ತಿದೆ, ಕಷ್ಟದಲ್ಲಿರುವವನ ಕಡೆಗೋ, ಅವನ ಮೇಲೆಯೋ ಎಂದು ನೋಡಬೇಕು.

ಹರ್ಡೀಕರರ ಉತ್ತರ ಮಾತಿನಲ್ಲಿರಲಿಲ್ಲ, ತರಬೇತಿಯಲ್ಲಿತ್ತು. ದಳದ ವ್ಯಾಯಾಮ ಶಿಕ್ಷಣದ ಕೇಂದ್ರವನ್ನು ಬಾಗಲಕೋಟೆಯಲ್ಲಿ ತೆರೆಯಲಾಯಿತು. ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಗೆ ಸೇರಿದ ತಾಲೂಕು ಸ್ಥಳ, ಘಟಪ್ರಭೆಯ ದಂಡೆಯ ವ್ಯಾಪಾರದ ಊರು, ಗದಗು ಮತ್ತು ಹೋಟಗಿಗಳ ನಡುವಿನ ರೈಲುಮಾರ್ಗದ ಮೇಲಿತ್ತು. ಇದಲ್ಲದೆ ದೇಶದ ಅನೇಕ ಕಡೆ ತರಬೇತಿ ಶಿಬಿರಗಳು ನಡೆದವು. ಕವಾಯತು, ವ್ಯಾಯಾಮಗಳ ಜೊತೆಗೆ ಶಿಬಿರದ ಬದುಕು, ಪ್ರಥಮ ಚಿಕಿತ್ಸೆ, ನೈರ್ಮಲ್ಯ, ಜನಸಂದಣಿಯಲ್ಲಿ ಜನರನ್ನು ದಾರಿ ತೋರಿಸಿ ನಡೆಸುವ ಕ್ರಮ, ಇವೆಲ್ಲ ಸ್ವಯಂಸೇವಕನ ವಿದ್ಯೆಯ ಭಾಗವಾಗಿದ್ದವು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಊರೂರಿನಲ್ಲಿ ಧ್ವಜವಂದನೆ ಮಾಡುವ ಪದ್ಧತಿಯನ್ನು ದಳ ಬಳಕೆಗೆ ತಂದಿತು. ಧ್ವಜವನ್ನು ಏರಿಸುವುದೇ ಅಪರಾಧವಾಗಿದ್ದ ದಿನಗಳಲ್ಲಿ ಇದಕ್ಕೆ ಎದೆಗಾರಿಕೆ ಬೇಕಿತ್ತು.

ಹಳೆಯ ಬಾಗಲಕೋಟೆಯ ಬಹುಭಾಗ ಈಗ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಜನ ನವನಗರಕ್ಕೆ ಬಂದು ನೆಲೆಸಿದ್ದಾರೆ. 1997ರಲ್ಲಿ ಬಾಗಲಕೋಟೆ ತಾನೇ ಜಿಲ್ಲೆಯಾಯಿತು. ನೀರಿನಡಿ ಹೋದ ಬೀದಿಗಳ ಜೊತೆಗೆ ಈ ನೆನಪೂ ಮುಳುಗಿ ಹೋಗಬಾರದು. ಇನ್ನೊಂದು ಮಾತು: ಈಗ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಬಟ್ಟೆಯನ್ನು ನೇಯುವ ಊರುಗಳಲ್ಲಿ ನಮ್ಮ ಬಾಗಲಕೋಟೆ ಬಳಿಯ ತುಳಸಿಗೇರಿಯೂ ಒಂದು. ಅಲ್ಲಿ ನೇಯ್ದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಧ್ವಜವಾಗುತ್ತದೆ. ಒಂದು ಕಾಲಕ್ಕೆ ಧ್ವಜವಂದನೆಯ ಶಿಸ್ತನ್ನು ಕಲಿಸಿದ ಈ ನಾಡಿನಲ್ಲಿಯೇ ಇಂದು ಧ್ವಜದ ನೂಲೂ ಹೊರಡುತ್ತಿದೆ.

ಬೆಳಗಾವಿಯ ಕಸಬರಿಗೆ

ಹುಟ್ಟಿ ಒಂದು ವರ್ಷವಾಗುವಷ್ಟರಲ್ಲಿ ದಳದ ಮುಂದೆ ದೊಡ್ಡ ಕೆಲಸ ಬಂತು. 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ ದೇಶಪಾಂಡೆಯವರ ಮುಂದಾಳತನದಲ್ಲಿ ಟಿಳಕವಾಡಿಯಲ್ಲಿ ವಿಜಯನಗರ ಎಂಬ ಹೆಸರಿನ ತಾತ್ಕಾಲಿಕ ಊರೇ ಎದ್ದು ನಿಂತಿತು. ಸಾವಿರಾರು ಜನರಿಗೆ ವಸತಿ, ಊಟ, ನೀರು, ನೈರ್ಮಲ್ಯ. ಯಾರೋ ಒಬ್ಬರು ಹೊತ್ತು ಮಾಡುವ ಕೆಲಸವಲ್ಲ ಇದು.

ಅಲ್ಲಿ ಸ್ವಯಂಸೇವಕರು ಭಾಷಣ ಮಾಡಲಿಲ್ಲ, ವೇದಿಕೆಯ ಮೇಲೆ ಕುಳಿತುಕೊಳ್ಳಲಿಲ್ಲ. ಕಸ ಗುಡಿಸಿದರು, ನೀರು ಹೊತ್ತರು, ದಾರಿ ತಪ್ಪಿದವರನ್ನು ಬಿಡಾರಕ್ಕೆ ಮುಟ್ಟಿಸಿದರು. ಮೇಲುಜಾತಿಯ ಮನೆಗಳಲ್ಲಿ ಹುಟ್ಟಿದ ಯುವಕರು ಕೂಡ ಪಾಯಖಾನೆಗಳನ್ನು ಶುಚಿಗೊಳಿಸಿದರು. ಆ ಕಾಲದಲ್ಲಿ ಇದು ಎಂಥ ಮಾತು ಎಂಬುದನ್ನು ನಮ್ಮ ಅಜ್ಜ ಅಜ್ಜಿಯರ ಕಾಲವನ್ನು ಬಲ್ಲವರು ಊಹಿಸಬಹುದು. ಶಿಷ್ಯರ ಕಾಲು ತೊಳೆದ ಪ್ರಭುವನ್ನು ಆರಾಧಿಸುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಹೆಣ್ಣುಮಕ್ಕಳ ತಂದೆತಾಯಿಯರು ವಿಶೇಷವಾಗಿ ಗಮನಿಸಬೇಕು. ಆ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಮಹಿಳಾ ಸ್ವಯಂಸೇವಕಿಯರನ್ನು ಕಲೆಹಾಕಿ ತಂದವರು ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ತಾಯಿ ಚಿಕ್ಕ ವಯಸ್ಸಿಗೆ ಮದುವೆಯಾಗಿ, 1923ರಲ್ಲಿ ಗಂಡನನ್ನು ಕಳೆದುಕೊಂಡು, ಮಾವನೊಡನೆ ಹುಬ್ಬಳ್ಳಿಗೆ ಬಂದವರು. ಅಲ್ಲಿ ತಿಲಕ ಕನ್ಯಾಶಾಲೆಯನ್ನು ನೋಡಿಕೊಂಡರು, ಭಗಿನಿ ಮಂಡಲವನ್ನು ನಡೆಸಿದರು, ಹರ್ಡೀಕರರೊಡನೆ ಸೇವಾದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದರು. ವಿಧವೆಯರು ಮನೆಯ ಹೊಸ್ತಿಲು ದಾಟುವುದೇ ಅಪಶಕುನವೆಂದು ಎಣಿಸುತ್ತಿದ್ದ ಕಾಲದಲ್ಲಿ ಅವರು ವಿಧವೆಯರನ್ನೂ ಸ್ವಯಂಸೇವಕಿಯರನ್ನಾಗಿ ಮಾಡಿ ಬೆಳಗಾವಿಗೆ ಕರೆತಂದರು. 1932ರಲ್ಲಿ ಸೆರೆಮನೆಗೂ ಹೋದರು. ನೂರರ ಹತ್ತಿರದವರೆಗೆ ಬಾಳಿ 1992ರಲ್ಲಿ ತೀರಿಕೊಂಡರು. ಹುಡುಗಿಗೆ ಶಿಬಿರ ಯಾಕೆ ಎಂದು ಕೇಳುವ ಮುನ್ನ ಉಮಾಬಾಯಿಯವರನ್ನು ನೆನೆಯೋಣ.

ನಿಷೇಧ, ಸೇವೆ, ಸಂಜೆ

1930ರ ಉಪ್ಪಿನ ಸತ್ಯಾಗ್ರಹದಲ್ಲಿ ದಳದವರು ಮುಂದೆ ನಿಂತರು. ಹರ್ಡೀಕರರು ಒಂದಲ್ಲ ಹಲವು ಬಾರಿ ಸೆರೆಮನೆ ಕಂಡರು. 1931ರಲ್ಲಿ ದಳ ಕಾಂಗ್ರೆಸ್ಸಿನ ಅಂಗವಾಗಿ ಕಾಂಗ್ರೆಸ್ ಸೇವಾದಳವೆಂಬ ಹೆಸರು ಪಡೆಯಿತು. 1932ರಲ್ಲಿ ಸರಕಾರ ಅದನ್ನು ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದರೂ ಸೇವಾದಳದ ಮೇಲಿನ ನಿಷೇಧವನ್ನು ತೆಗೆಯಲಿಲ್ಲ. ಭಾಷಣ ಮಾಡುವ ನಾಯಕರಿಗಿಂತ ಒಟ್ಟಾಗಿ ದುಡಿಯಲು ಕಲಿತ ಯುವಕರ ಬಗ್ಗೆ ಆಳುವವರಿಗೆ ಹೆಚ್ಚು ಭಯವಿತ್ತೆಂದು ಇದರಿಂದ ತಿಳಿಯುತ್ತದೆ.

ಈ ನಡುವೆ 1929ರಲ್ಲಿ ಡಾ. ಕೊಕಟನೂರ ಮೊದಲಾದ ವೈದ್ಯ ಮಿತ್ರರೊಡನೆ ಸೇರಿ ಅವರು ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದರು. ಮಿಶಿಗನ್ನಿನಲ್ಲಿ ಕಲಿತ ಸಾರ್ವಜನಿಕ ಆರೋಗ್ಯದ ವಿದ್ಯೆ ಹೀಗೆ ನಮ್ಮ ಬಡವರ ಬಳಿಗೆ ಬಂತು. ಕಸಬರಿಗೆ ಹಿಡಿದ ಸ್ವಯಂಸೇವಕನೂ ಔಷಧಿ ಕೊಡುವ ವೈದ್ಯನೂ ಅವರ ದೃಷ್ಟಿಯಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. 1975ರ ಆಗಸ್ಟ್ 26ರಂದು ತೀರಿಕೊಂಡರು. 1989ರಲ್ಲಿ, ಅವರ ಜನ್ಮ ಶತಮಾನೋತ್ಸವದ ವರ್ಷ, ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಆದರೆ ಇವೆಲ್ಲಕ್ಕಿಂತ ಜೀವಂತವಾದ ಸ್ಮಾರಕ ನಮ್ಮ ಶಾಲೆಗಳಲ್ಲಿದೆ. ಅವರ ಹೆಸರಿನೊಡನೆ ಬೆಳೆದುಬಂದ, ಪಕ್ಷಗಳಿಗೆ ಸೇರದ ಭಾರತ ಸೇವಾದಳ ಇಂದಿಗೂ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಧ್ವಜದ ಕ್ರಮ, ಕವಾಯತು, ಸಾಮೂಹಿಕ ಗೀತೆ, ಸೇವೆಗಳನ್ನು ಕಲಿಸುತ್ತಿದೆ. ಭಾವೈಕ್ಯತಾ ಮಕ್ಕಳ ಮೇಳಗಳಲ್ಲಿ ಎಲ್ಲ ಧರ್ಮ, ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ.

ನಮ್ಮ ಮನೆಯ ಪ್ರಶ್ನೆ

ಈಗ ಮತ್ತೆ ಆ ಮೊದಲ ಪ್ರಶ್ನೆಗೆ ಬರೋಣ. ಇದರಿಂದ ಎಷ್ಟು ಅಂಕ ಬರುತ್ತದೆ? ಎನ್.ಸಿ.ಸಿ., ಸ್ಕೌಟ್ಸ್ ಮತ್ತು ಗೈಡ್ಸ್, ಕ್ರೀಡೆಗಳಲ್ಲಿ ಸಾಧನೆ ಮಾಡಿದವರಿಗೆ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕೆಲವು ಸೀಟುಗಳು ಮೀಸಲಿವೆ, ನಿಜ. ಆದರೆ ಸರ್ಟಿಫಿಕೇಟಿಗಾಗಿಯೇ ಮಗುವನ್ನು ಕಳುಹಿಸಿದರೆ ಮಗು ಸರ್ಟಿಫಿಕೇಟನ್ನೇ ತರುತ್ತದೆ, ಬೇರೇನನ್ನೂ ತರುವುದಿಲ್ಲ.

ಹರ್ಡೀಕರರ ಬದುಕಿನಿಂದ ಮೂರು ಅಳತೆಗೋಲುಗಳನ್ನು ನಾವು ಪಡೆಯಬಹುದು. ನಿಮ್ಮ ಮಗುವಿನ ಶಾಲೆಯಲ್ಲಿ ಇರುವುದು ಸೇವಾದಳವಿರಲಿ, ಸ್ಕೌಟ್ ಇರಲಿ, ಪರಿಸರ ಸಂಘವಿರಲಿ, ವಿಜ್ಞಾನ ಸಂಘವಿರಲಿ, ನಾಟಕ ತಂಡವಿರಲಿ, ಈ ಅಳತೆಗೋಲನ್ನು ಹಿಡಿದು ನೋಡಿರಿ.

ಮೊದಲನೆಯದು, ಆ ಸಂಘಕ್ಕೆ ನಿಜವಾದ ಕೆಲಸವಿದೆಯೇ? ವರ್ಷಕ್ಕೊಮ್ಮೆ ಅತಿಥಿಗಳ ಮುಂದೆ ಹೆಜ್ಜೆ ಹಾಕಿ ಫೋಟೋ ತೆಗೆಸಿಕೊಂಡರೆ ಸಾಲದು. ಬೆಳಗಾವಿಯ ಸ್ವಯಂಸೇವಕನಿಗೆ ಕಸಬರಿಗೆ ಇತ್ತು. ಬನಶಂಕರಿಯ ಜಾತ್ರೆಯಲ್ಲಿ ದಾರಿ ತಪ್ಪಿದ ಮಗುವಿಗೆ ತಾಯಿಯನ್ನು ಹುಡುಕಿಕೊಡುವುದು, ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲಿನ ಪ್ಲಾಸ್ಟಿಕ್ ಹೆಕ್ಕುವುದು, ಓದು ಬಾರದ ಹಿರಿಯರಿಗೆ ಬ್ಯಾಂಕಿನ ಚೀಟಿ ತುಂಬಿಕೊಡುವುದು, ಇಂಥ ಕೆಲಸ ಒಂದಾದರೂ ಇರಬೇಕು.

ಎರಡನೆಯದು, ಯಾರೂ ನೋಡದಿರುವಾಗ ಮಗು ಏನು ಮಾಡುತ್ತದೆ? ಸೀಟಿ ಊದಿದಾಗ ಮಾತ್ರ ಎದ್ದು ನಿಲ್ಲುವುದನ್ನು ಕಲಿತರೆ ಅದು ಅರ್ಧ ಪಾಠ. ಸಂಘದಲ್ಲಿ ಮಕ್ಕಳೇ ಯೋಚಿಸಿ, ಮಕ್ಕಳೇ ತೀರ್ಮಾನಿಸಿ, ಮಕ್ಕಳೇ ಲೆಕ್ಕ ಒಪ್ಪಿಸುವ ಅವಕಾಶವಿರಬೇಕು. ತಪ್ಪಾದಾಗ ತಪ್ಪೆಂದು ನಾಯಕನಿಗೂ ಹೇಳುವ ಸ್ವಾತಂತ್ರ್ಯ ಇರಬೇಕು. ನಾಗಪುರದ ಸೆರೆಮನೆಯಲ್ಲಿ ಗೆದ್ದದ್ದು ಇಂಥ ಮನಸ್ಸಾಕ್ಷಿಯೇ ಹೊರತು ಕುರುಡು ವಿಧೇಯತೆಯಲ್ಲ.

ಮೂರನೆಯದು, ಬಾಗಿಲು ಎಲ್ಲರಿಗೂ ತೆರೆದಿದೆಯೇ? ನಮ್ಮ ಭಾಗದಲ್ಲಿ ಇದು ಬಹಳ ಮುಖ್ಯ. ಸಂಜೆ ಐದರ ಬಸ್ಸು ತಪ್ಪಿದರೆ ಹುನಗುಂದದ ಹಳ್ಳಿಯ ಹುಡುಗಿಗೆ ಮನೆ ಸೇರುವುದು ಕಷ್ಟ. ಮನೆಯಲ್ಲಿ ಮಗ್ಗಕ್ಕೆ ಕಂಡಿಕೆ ಸುತ್ತಬೇಕಾದ ಹುಡುಗನಿಗೆ ರಜೆಯ ದಿನವೂ ರಜೆಯಲ್ಲ. ಸಮವಸ್ತ್ರಕ್ಕೆ, ಬೂಟಿಗೆ, ಶಿಬಿರದ ಶುಲ್ಕಕ್ಕೆ ಹಣವಿಲ್ಲದ ಮಗು ನಾಚಿಕೆಯಿಂದ ತನಗೆ ಇಷ್ಟವಿಲ್ಲ ಎಂದು ಸುಳ್ಳು ಹೇಳಿ ಹಿಂದೆ ಸರಿಯುತ್ತದೆ. ಆದ್ದರಿಂದ ಸಂಘದ ಚಟುವಟಿಕೆ ಶಾಲೆಯ ಅವಧಿಯೊಳಗೇ ವಾರಕ್ಕೊಂದು ಗಂಟೆಯಾದರೂ ನಡೆಯಲಿ ಎಂದು ಪಾಲಕರ ಸಭೆಯಲ್ಲಿ ಕೇಳಿರಿ. ಒಂದು ಜೊತೆ ಬೂಟು ನಿಮ್ಮ ಮಗುವಿಗೆ ಕೊಳ್ಳುವಾಗ ಇನ್ನೊಂದು ಜೊತೆಯನ್ನು ಹೆಸರು ಹೇಳದೆ ಮುಖ್ಯೋಪಾಧ್ಯಾಯರ ಕೈಗೆ ಕೊಡಿರಿ. ಆಳುವವರ ಮಕ್ಕಳಿಗೆ ಮಾತ್ರ ಎಂದು ಒಂದು ಕಾಲದಲ್ಲಿ ಮುಚ್ಚಿದ್ದ ಬಾಗಿಲು, ಈಗ ಉಳ್ಳವರ ಮಕ್ಕಳಿಗೆ ಮಾತ್ರ ಎಂದು ಮುಚ್ಚಿಕೊಳ್ಳಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಓದನ್ನು ಬದಿಗಿಡಿ ಎಂದು ನಾನು ಹೇಳುತ್ತಿಲ್ಲ. ಹತ್ತನೆಯ ತರಗತಿಯ ಕೊನೆಯ ಮೂರು ತಿಂಗಳು ಮಗು ಪುಸ್ತಕದ ಮುಂದೆ ಕೂರಲಿ, ಅದು ನ್ಯಾಯವೇ. ಆದರೆ ಎಂಟನೆಯ ತರಗತಿಯಿಂದಲೇ ಎಲ್ಲ ಬಾಗಿಲುಗಳನ್ನು ಹಾಕಿಬಿಡುವುದು ಬೇಡ. ಅಂಕಪಟ್ಟಿ ಮಗುವನ್ನು ಕಾಲೇಜಿನ ಬಾಗಿಲಿಗೆ ಮುಟ್ಟಿಸುತ್ತದೆ. ಅದರಾಚೆಗೆ ಮನೆ, ನೆರೆಹೊರೆ, ನೌಕರಿ, ಸಂಸಾರ, ಸಂಕಟ ಎಂಬ ದೊಡ್ಡ ಮೈದಾನವಿದೆ. ಅಲ್ಲಿ ತಂದೆತಾಯಿ ಜೊತೆಗಿರುವುದಿಲ್ಲ, ಮಾಸ್ತರರು ಇರುವುದಿಲ್ಲ, ಸೀಟಿ ಊದುವವರೂ ಇರುವುದಿಲ್ಲ.

ಈ ವಾರ ಮನೆಯಲ್ಲಿ ಊಟಕ್ಕೆ ಕುಳಿತಾಗ ನಿಮ್ಮ ಮಗನನ್ನೋ ಮಗಳನ್ನೋ ಕೇಳಿರಿ: ನಿಮ್ಮ ಶ��ಲೆಯಲ್ಲಿ ಯಾವ ಯಾವ ಸಂಘಗಳಿವೆ? ನಿನಗೆ ಯಾವುದರಲ್ಲಿ ಮನಸ್ಸಿದೆ? ಅಲ್ಲಿ ನೀನು ಯಾರಿಗೆ ಉಪಕಾರವಾದೆ? ಉತ್ತರವನ್ನು ಅವಸರಪಡದೆ ಕೇಳಿರಿ. ನಮ್ಮ ಮಕ್ಕಳಿಗೆ ಒಳ್ಳೆಯ ಬುದ್ಧಿಯ ಜೊತೆಗೆ ಒಳ್ಳೆಯ ಕೈಗಳನ್ನೂ ದಯಪಾಲಿಸಲೆಂದು ದೇವರನ್ನು ಬೇಡೋಣ.